ಎಟಿವಿಯ ಹಿಂದಿನ ಸೀಟು

ಅಪ್ಪಾ,

ನಿನ್ನ ಆ ನಾಲ್ಕು ಚಕ್ರದ ಬೈಕು, ಎಟಿವಿ, ಮುಟ್ಟಬೇಡ. ಜಾಕ್ ಹಾಕಿ ಹಿಂದಿನ ಚಕ್ರ ಅಲ್ಲಾಡಿಸಿ ನೋಡಿದೆ, ಬೀಳೋ ಹಲ್ಲಿನ ಹಾಗೆ ಲೊಡಲೊಡ ಅಂತು. ಹಿಂದಿನ ಆಕ್ಸಲ್ ಬೇರಿಂಗ್ ಎರಡೂ ಸವೆದುಹೋಗಿವೆ. ಹೀಗೇ ಓಡಿಸಿದ್ರೆ ಇಳಿಜಾರಲ್ಲಿ ಚಕ್ರ ಒಂದು ಕಡೆ, ನೀನೊಂದು ಕಡೆ! ಹೊಸ ಬೇರಿಂಗ್ ತರೋಕೆ ಹೊರಟಿದ್ದೀನಿ.

ಇನ್ನು ಟೈರು. ನೀನು ಒದ್ದು ಒದ್ದು ನೋಡಿ, ಗಾಳಿ ಹೊಡೆದು ಕಲ್ಲು ಮಾಡಿಟ್ಟಿದ್ದೆ. ಇದೇನು ಲಾರೀನಾ? ಮೀಟರ್ ಇಟ್ಟು ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿದ್ದೀನಿ. ಮೆತ್ತಗಿದೆ ಅಂತ ಮತ್ತೆ ಪಂಪ್ ಹಿಡೀಬೇಡ.

ಗಾಡಿ ಓಲಾಡೋದು ಹಿಂದೆ ಕೂತ ಅಮ್ಮನ ಭಾರಕ್ಕೆ ಅಂದೆಯಲ್ಲ, ಅವತ್ತಿಂದ ಪಾಪ ಅವಳು ತೋಟಕ್ಕೆ ನಡೆದೇ ಹೋಗ್ತಿದ್ದಾಳೆ. ನಾನು ಬರೋದ್ರೊಳಗೆ ತಪ್ಪಾಯ್ತು ಅನ್ನು. ಕೀ ಅವಳ ಕೈಗೇ ಕೊಟ್ಟಿದ್ದೀನಿ. ರಿಪೇರಿ ಆದ್ಮೇಲೆ ಓಡಿಸೋದು ಅವಳು, ಹಿಂದೆ ಕೂತು ಗಟ್ಟಿಯಾಗಿ ಹಿಡ್ಕೊಳ್ಳೋದು ನೀನು.

— ಮಗಳು