ಹಿಮ್ಮುಖವಾಗಿ ಬೆಟ್ಟ ಹತ್ತಿದ ಫೋರ್ಡ್

ಕೊಲರಾಡೊ, ಜುಲೈ ೧೯೧೯

ಪ್ರೀತಿಯ ಅತ್ತೆ,

ಕ್ಯಾನ್ಸಸ್ ಬಯಲಿನಲ್ಲಿ ಓಡಾಡಿಕೊಂಡಿದ್ದ ನಮ್ಮ ಫೋರ್ಡ್ ಕಾರು ಇಲ್ಲಿನ ಏರಿನಲ್ಲಿ ಕೆಮ್ಮಿ ನಿಂತಿತು. ಹಾಲು ಮಾರುವ ಮುದುಕಿಯೊಬ್ಬಳು ನಕ್ಕಳು: "ಟ್ಯಾಂಕು ಸೀಟಿನ ಕೆಳಗಿದೆ ಕಣಪ್ಪಾ. ಮೂತಿ ಮೇಲಾದ್ರೆ ಎಂಜಿನ್‌ಗೆ ಪೆಟ್ರೋಲ್ ಹೇಗೆ ಇಳಿಯುತ್ತೆ? ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸು."

"ಹಿಂದುಮುಂದಾಗಿ ಹೋಗಿ ಮಾನ ಕಳ್ಕೊಳ್ಳೋ ಬದ್ಲು ನಡ್ಕೊಂಡೇ ಹೋಗ್ತೀನಿ," ಎಂದು ನಿಮ್ಮ ಮಗ ಇಳಿದೇಬಿಟ್ಟರು.

"ಸರಿ, ನಡೀರಿ," ಎಂದು ನಾನು ಸ್ಟಿಯರಿಂಗ್ ಹಿಡಿದೆ. ನೀವು ಗೋಧಿ ಹೊಲದಲ್ಲಿ ಗುಟ್ಟಾಗಿ ಕಾರು ಓಡಿಸಲು ಕಲಿಸಿದ್ದನ್ನು ನಾನು ಅವರೆದುರು ಬಾಯಿಬಿಟ್ಟಿಲ್ಲ. ಈ ಕಾರ್ಡನ್ನೂ ನಾನೇ ಅಂಚೆಗೆ ಹಾಕುತ್ತೇನೆ.

ನಾನು ಆರೋಗ್ಯವಾಗಿದ್ದೇನೆ. ಅವರ ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆ, ಉಪ್ಪುನೀರು ಕಾಯಿಸಬೇಕು. ಇಲ್ಲಿನ ಬೆಟ್ಟಗಳ ನೋಟ ಹೇಗಿತ್ತೆಂದು ಮಾತ್ರ ಕೇಳಬೇಡಿ. ಹಿಮ್ಮುಖವಾಗಿ ಹತ್ತಿದ್ದರಿಂದ, ನಾನು ಮುಂದೆ ತಿರುಗಿದಾಗಲೆಲ್ಲ ಕಂಡದ್ದು ಏದುಸಿರು ಬಿಡುತ್ತಾ ಬೆನ್ನಟ್ಟಿ ಬರುತ್ತಿದ್ದ ನಿಮ್ಮ ಮಗನ ಮುಖ. ಅಷ್ಟು ಚೆಂದದ ನೋಟ ನಾನು ಬೇರೆಲ್ಲೂ ಕಂಡಿಲ್ಲ.

ನಿಮ್ಮ ಸೊಸೆ,
ವರ್ನಾ