ಬೂಟಿನಡಿಯ ಹಸಿ ಮಣ್ಣು

ಲೋ ಅಳಿಯಾ,

ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯ ನಿನ್ನ ಸೋದರಮಾವನಿಗಿಲ್ಲ. ಆದರೆ ನಿಮ್ಮ ಫುಟ್‌ಬಾಲ್ ತಂಡದ ಬೂಟುಗಳಿಗೆಲ್ಲ ಹೊಲಿಗೆ ಹಾಕುವ ನನ್ನ ಕಣ್ಣು ತಪ್ಪಿಸುವವನು ಇನ್ನೂ ಹುಟ್ಟಿಲ್ಲ. ಹೊಸ ಕಾಂಟ್ರಾಕ್ಟು ಸರಿಯಾಗುವವರೆಗೂ ಆಡುವುದಿಲ್ಲ ಎಂದು ನೀನು ಮುನಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಹಾಗಿದ್ದರೂ ರಿಪೇರಿಗೆ ಕೊಟ್ಟ ನಿನ್ನ ಬೂಟಿನಡಿ ಹಸಿ ಮಣ್ಣಿತ್ತು! ಕದ್ದುಮುಚ್ಚಿ ಬೇರೆ ತಂಡದವರ ಜೊತೆ ಆಡುತ್ತಿದ್ದೀಯ ಎಂದು ಆಗಲೇ ಪತ್ತೆ ಹಚ್ಚಿದೆ.

ಕೋಚು ಅಂಗಡಿಗೆ ಬಂದು, "ಯಜಮಾನ್ರೇ, ನಿಮ್ಮ ಅಳಿಯನ್ನ ಇಟ್ಕೊಳ್ಳೋದಾ, ಆಚೆ ತಂಡಕ್ಕೆ ಕೊಟ್ಟು ಅವರ ಗೋಲ್‌ಕೀಪರನ್ನ ತಗೊಳ್ಳೋದಾ?" ಎಂದ.

"ಕೊಟ್ಟು ಕೈ ತೊಳ್ಕೊಳ್ಳಿ ಸ್ವಾಮಿ, ಅವನ ಮನಸ್ಸು ಇಲ್ಲಿಲ್ಲ" ಎಂದೆ. ಅವನು ನಿನ್ನನ್ನು ಆಚೆ ತಂಡಕ್ಕೆ ಕೊಟ್ಟೇಬಿಟ್ಟ. ಕೋಚೇ ನನ್ನ ಮಾತು ಕೇಳಿದ ಎಂದು ಬೀದಿಯಲ್ಲೆಲ್ಲ ಮೆರೆದೆ.

ಇವತ್ತು ಮೈದಾನದ ಕಾವಲುಗಾರ ಚಪ್ಪಲಿ ಹೊಲಿಸಲು ಬಂದಿದ್ದ. "ನಿಮ್ಮ ಅಳಿಯ ದಿನಾ ಬೆಳಗಾಗೋ ಮುಂಚೆ ಬಂದು, ನಮ್ಮ ಮೈದಾನದಲ್ಲೇ ಒಬ್ಬನೇ ಚೆಂಡು ಒದೀತಿದ್ದ. 'ಸಹಿ ಆದ ದಿನವೇ ಆಡೋಕೆ ರೆಡಿ ಇರಬೇಕು, ಯಾರಿಗೂ ಹೇಳ್ಬೇಡಣ್ಣ' ಅಂತಿದ್ದ. ಪಾಪ, ಅವನಿಗೆ ಹೋಗೋ ಮನಸ್ಸೇ ಇರಲಿಲ್ಲ" ಎಂದ.

ಈ ಆಸಾಮಿ ಬುರುಡೆ ಬಿಡುತ್ತಿದ್ದಾನೆ ಎಂದು ನನಗೆ ಬಲವಾದ ಗುಮಾನಿ. ಚಪ್ಪಲಿ ಹೊಲಿದು ಮುಗಿಸುವವರೆಗೂ ಅವನ ಮುಖವನ್ನೇ ನೋಡಿದೆ. ಹಾಳಾದವನು, ಒಂದು ಸಲವೂ ಕಣ್ಣು ತಗ್ಗಿಸಲಿಲ್ಲ.