ಮೊದಲು ಸಿಗುವ ಉತ್ತರ

ಚರ್ಚಾ ವೇದಿಕೆಯ ನಿರ್ವಾಹಕರಿಗೆ ನಮಸ್ಕಾರ.

ನಿಮ್ಮಲ್ಲಿ ‘ಗಂಡ ಹೊಡೆದರೆ’ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುವ ಉತ್ತರ ನನ್ನದು. ‘ಎದುರು ಮಾತಾಡಬೇಡಿ, ಅವರೇ ತಣ್ಣಗಾಗುತ್ತಾರೆ’ ಎಂದು ಆರು ವರ್ಷದ ಹಿಂದೆ ಬರೆದಿದ್ದೆ. ಎರಡು ಸಾವಿರ ಜನ ಮೆಚ್ಚಿದ್ದಾರೆ. ದಯವಿಟ್ಟು ಅದನ್ನು ತೆಗೆದುಹಾಕಿ. ಹಳೆಯ ಬರಹ ಅಳಿಸಲು ನನಗೆ ಆಗುತ್ತಿಲ್ಲ.

ಕಳೆದ ತಿಂಗಳು ನನ್ನ ತಂಗಿ ಬಚ್ಚಲಿನ ಚಿಲಕ ಹಾಕಿಕೊಂಡು ಮೊಬೈಲಿನಲ್ಲಿ ಅದೇ ಮಾತು ಹುಡುಕಿದಳು. ಹೊರಗೆ ಅವಳ ಗಂಡ ಬಾಗಿಲು ಒದೆಯುತ್ತಿದ್ದ. ಬರೆದವರು ಯಾರೆಂದು ತಿಳಿಯದೆ ನನ್ನ ಉತ್ತರ ಓದಿ, ಚಿಲಕ ತೆಗೆದು, ಬಾಯಿ ಮುಚ್ಚಿಕೊಂಡು ನಿಂತಳು. ಅವನು ಇಸ್ತ್ರಿಪೆಟ್ಟಿಗೆಯಿಂದ ಅವಳ ದವಡೆ ಒಡೆದ. ಬಿದ್ದ ಮೇಲೂ ಹೊಟ್ಟೆಗೆ ಒದ್ದ. ಪಕ್ಕದ ಮನೆಯವರು ಮುಂಬಾಗಿಲು ಮುರಿದು ಬಂದು ಅವಳನ್ನು ಬಿಡಿಸಿದರು.

ಅದೇ ಚರ್ಚೆಯ ಏಳನೇ ಪುಟದಲ್ಲಿ ನರ್ಸ್ ಒಬ್ಬರು ಬರೆದಿದ್ದಾರೆ: ‘ಬಾಗಿಲು ತೆಗೀಬೇಡಿ. ಕಿಟಕಿಯಿಂದ ಕೂಗಿ. ಪೊಲೀಸರಿಗೆ ಫೋನ್ ಮಾಡಿ.’ ಮೆಚ್ಚಿದವರು ನಾಲ್ಕೇ ಜನ. ಹುಡುಕಿದವರಿಗೆ ಅದೇ ಮೊದಲು ಸಿಗುವ ಹಾಗೆ ಮಾಡಿ.

ಆಸ್ಪತ್ರೆಯಲ್ಲಿ ತಂಗಿಯ ಕೈ ಹಿಡಿದು, “ಅದನ್ನ ಬರೆದಿದ್ದು ನಾನೇ ಕಣೇ” ಎಂದೆ. ದವಡೆಗೆ ತಂತಿ ಬಿಗಿದಿದ್ದರಿಂದ ಮಾತಾಡಲಾಗದೆ ಕೈಸನ್ನೆಯಲ್ಲಿ ಪೆನ್ನು ಕೇಳಿದಳು. ಆಮೇಲೆ ಚೀಟಿಯಲ್ಲಿ ಬರೆದಳು: “ಹಾಗಾದ್ರೆ ಭಾವನೂ ಹೊಡೀತಾರಾ?”

ಹನ್ನೊಂದು ವರ್ಷ ಯಾರಿಗೂ ಹೇಳದಿದ್ದದ್ದನ್ನು ಅವಳಿಗೆ ಹೇಳಿದೆ.

ಉತ್ತರವನ್ನು ನನ್ನ ಹಳೆಯ ಇಮೇಲಿಗೆ ಕಳಿಸಬೇಡಿ. ಅದನ್ನು ನನ್ನ ಗಂಡ ತೆರೆದು ನೋಡುತ್ತಾನೆ. ನಾನು ಮನೆ ಬಿಟ್ಟು ಇವತ್ತಿಗೆ ಮೂರು ದಿನವಾಯಿತು.

ಇಂತಿ,
ನಿಮ್ಮಲ್ಲಿ ‘ತಾಳ್ಮೆಯ ಗೃಹಿಣಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವಳು